ಮಂಡಿ ಕೇಳುವುದು

ಮಂದರಪರ್ವತವನ್ನು ಬೆನ್ನಿನಲ್ಲಿ ತಾಳಿ, ಮೇಲೆ ಸೆಳೆದಾಡುವವರ ಕೋಲಾಹಲಕ್ಕೆ ಅಲುಗದೆ, ಕಡಲಿನ ತಳದಲ್ಲಿ ಕಣ್ಮುಚ್ಚಿ ನಿಂತ ಆದಿಕೂರ್ಮನಿಗೆ ನಮಸ್ಕಾರ. ಹೊತ್ತವನನ್ನು ಮರೆತು ಕಡೆದವರು ಅಮೃತ ಕುಡಿದರು, ಅವನು ಮುನಿಯಲಿಲ್ಲ. ಕಡಲು ಯಾವ ದೇಶದ ದಡವನ್ನು ತೊಳೆದರೂ ಅದು ಅವನದೇ ಕಡಲು, ಅದರೆದುರು ಯಾವ ಮನುಷ್ಯ ಮಂಡಿಯೂರಿದರೂ ಆ ವಂದನೆ ಸಲ್ಲುವುದು ಅವನಿಗೇ ಎಂದು ನಂಬಿ, ತೆಂಕಣ ಸಾಗರದ ಅಂಚಿನ ಒಂದು ಊರಿನ ಈ ಕಥೆಯನ್ನು ತೊಡಗುತ್ತೇನೆ.

ಬೋರ್ಡಿನ ಎಡಗಡೆಯ ಗುಳಿಯಲ್ಲಿ ನೆರಳು ಹೆಚ್ಚಾಗಿ ನಿಂತಿದೆ ಎಂದು ಲೈಲ್ ಟ್ರೆಂಬತ್‌ನಿಗೆ ಆ ಬೆಳಿಗ್ಗೆ ಮತ್ತೆ ಅನ್ನಿಸಿತು. ಕಡುನೀಲಿ ಬಳಿದ ಇಕ್ಕಟ್ಟಾದ ಕೋಣೆ. ಎರಡು ಪಕ್ಕದ ಗೋಡೆಗಳಿಗೂ ಸೊಂಟದೆತ್ತರದಲ್ಲಿ ಉದ್ದುದ್ದ ಟ್ಯೂಬ್‌ಲೈಟುಗಳು. ನಡುವೆ ಕಾಲ್ಗಂಬಗಳ ಮೇಲೆ ಮಲಗಿದ, ಅವನೇ ಕೆತ್ತಿದ, ಕಡಲಲೆಯೇರುವ ಬೋರ್ಡು. ಅಡ್ಡದಿಂದ ಬೀಳುವ ಬೆಳಕು ಕೂದಲೆಳೆಯಷ್ಟು ಏರುತಗ್ಗನ್ನೂ ಬಚ್ಚಿಡಗೊಡುವುದಿಲ್ಲ. ಗೋಡೆಗೆ ಆ ಬಣ್ಣ ಬಳಿದದ್ದೂ ದೀಪಗಳನ್ನು ಅಷ್ಟು ಕೆಳಗೆ ಕಟ್ಟಿದ್ದೂ ಅದಕ್ಕಾಗಿಯೇ. ಹೋದ ತಿಂಗಳು ಇದೇ ಅನುಮಾನ ಮೂಡಿದಾಗ ಎಡಗೋಡೆಯ ಟ್ಯೂಬು ಹಳತಾಗಿದೆಯೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅದನ್ನು ಬದಲಿಸಿದ್ದ. ಹೊಸ ಟ್ಯೂಬು ಹಳೆಯದಕ್ಕಿಂತ ಬೆಳ್ಳಗೆ ಉರಿಯುತ್ತಿತ್ತು. ನೆರಳು ಮಾತ್ರ ತನ್ನ ಜಾಗ ಬಿಟ್ಟಿರಲಿಲ್ಲ. ಅವನು ಬೋರ್ಡಿನ ಮೂತಿಯ ಕಡೆಗೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದ. ಬಾಲದ ಕಡೆಯಿಂದ ನೋಡಿದ. ಸಂಪಾದಿಸಿದ ಹೆಸರನ್ನೆಲ್ಲ ಇಂಥ ನೋಟದಿಂದಲೇ ಸಂಪಾದಿಸಿದ್ದವನಿಗೆ ಇಂದು ತನ್ನ ಕಣ್ಣು ಹೇಳುವುದನ್ನು ಕೇಳಲು ಮನಸ್ಸಿರಲಿಲ್ಲ. ಸಾಕ್ಷಿಯ ಮಾತನ್ನು ನಡುವೆಯೇ ತಡೆಯುವ ವಕೀಲನಂತೆ ಅವನು ಪದೇಪದೇ ದೃಷ್ಟಿಯನ್ನು ಹೊರಳಿಸಿಕೊಳ್ಳುತ್ತಿದ್ದ.

ನಿಂತು ಅಲೆಯೇರುವವರ ಬೋರ್ಡಿಗಿಂತ ಇದು ಗಿಡ್ಡ, ಅಗಲ. ಇದರ ಮೇಲೆ ಮಂಡಿಯೂರಿ, ಹಿಮ್ಮಡಿಗಳ ಮೇಲೆ ಕುಳಿತು, ಮಡಚಿಕೊಳ್ಳುವ ಅಲೆಯ ಹೊಟ್ಟೆಯೊಳಗೆ ನುಗ್ಗುತ್ತಾರೆ. ಆ ಊರಿನ ಬಂಡೆಗಳ ಬಳಿ ಅಲೆ ಎಷ್ಟು ತಗ್ಗಾಗಿ, ಎಷ್ಟು ರಭಸದಿಂದ ಮಡಚುತ್ತದೆಂದರೆ ನಿಂತವರಿಗೆ ಅಲ್ಲಿ ತಲೆಯಿಡಲು ಜಾಗವಿಲ್ಲ. ಒಂದು ಕಾಲದಲ್ಲಿ ವುಲಂಗಾಂಗ್‌ನಿಂದ ತೆಂಕಣಕ್ಕೆ ಊರೂರಿಗೂ ಇಂಥ ಬೋರ್ಡು ಕೆತ್ತುವವರಿದ್ದರು. ಈಗ ಆ ಕರಾವಳಿಯಲ್ಲಿ ಉಳಿದವನು ಲೈಲ್ ಒಬ್ಬನೇ. ಮಂಡಿಬೋರ್ಡಿನವರ ಸಂಘದ ಸಭೆಗೆ ಬರುವವರಲ್ಲಿ ತಲೆ ನರೆಯದವರು ವಿರಳ. ಅದಕ್ಕೇ ಸಂಘವೆಲ್ಲ ಸೇರಿ ಒಂದು ನಿಶ್ಚಯಕ್ಕೆ ಬಂದಿತ್ತು: ಲೈಲ್ ಕೆತ್ತಿದ ಬೋರ್ಡುಗಳಲ್ಲಿ ಅತ್ಯುತ್ತಮವಾದ ಒಂದರ ಆಕಾರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಇನ್ನು ಮುಂದೆ ಯಾರಿಗೆ ಬೇಕಾದರೂ ಸಿಡ್ನಿಯ ಯಂತ್ರವೊಂದು ಅದೇ ಬೋರ್ಡನ್ನು ಕೊರೆದುಕೊಡಬೇಕು, ಹೀಗಾದರೆ ಮನುಷ್ಯ ಹೋದರೂ ಆಕಾರ ಉಳಿಯುತ್ತದೆ. ಅಳತೆ ಹಿಡಿಯುವ ಉಪಕರಣ ತೆಗೆದುಕೊಂಡು ರಿಸ್ಟೊ ಎಂಬುವನು ಇಂದು ಬರುವವನಿದ್ದ. ಅತ್ಯುತ್ತಮವಾದದ್ದು ಎಂದು ಸಂಘ ಆರಿಸಿದ ಬೋರ್ಡೇ ಈಗ ಕಾಲ್ಗಂಬದ ಮೇಲಿತ್ತು.

ಆರಿಸುವಾಗ ತಾನೇಕೆ ಬಾಯಿ ತೆರೆಯಲಿಲ್ಲ? ತೆರೆದಿದ್ದರೆ ಏನನ್ನು ಹೇಳಬೇಕಾಗುತ್ತಿತ್ತು? ಅವನು ಬಲಮಂಡಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡ. ತಣ್ಣನೆಯ ಬೆಳಿಗ್ಗೆಗಳಲ್ಲಿ ಅದು ಒಳಗೊಳಗೇ ಮರಳು ಅರೆಯುವ ಹಾಗೆ ಸದ್ದು ಮಾಡುತ್ತಿತ್ತು. ಲೋಹದ ಕೀಲು ಹಾಕಿದರೆ ಚೆನ್ನಾಗಿ ನಡೆಯಬಹುದು, ತೋಟದ ಕೆಲಸ ಮಾಡಬಹುದು ಎಂದು ವೈದ್ಯ ಪಟ್ಟಿ ಮಾಡಿ ಹೇಳಿದ್ದ. ‘ಮಂಡಿಯೂರೋದೊಂದು ಮರೆತ್ಬಿಡಿ. ಈ ವಯಸ್ಸಲ್ಲಿ ಮಂಡಿಯೂರಿ ಆಗ್ಬೇಕಾದ್ದಾದ್ರೂ ಏನಿದೆ?’ ಎಂದು ಕನ್ನಡಕ ಒರೆಸುತ್ತ ಕೇಳಿದಾಗ ಲೈಲ್ ‘ಚರ್ಚಿನಲ್ಲಿ’ ಅಂದಿದ್ದ. ವೈದ್ಯ ನಕ್ಕು, ದೇವರು ಅಷ್ಟು ಕಟ್ಟುನಿಟ್ಟಿನವನಲ್ಲ ಎಂದಿದ್ದ. ಜೀವಮಾನವೆಲ್ಲ ಮಾಡಿದ ಕೆಲಸವನ್ನು ಒಬ್ಬ ಅಪರಿಚಿತನ ಮುಂದೆ ಹೇಳಲು ನಾಚಿ, ದೇವರ ಹೆಸರನ್ನು ನಡುವೆ ತಂದೆನಲ್ಲ ಎಂಬ ಕಸಿವಿಸಿ ಈಗಲೂ ಹೋಗಿರಲಿಲ್ಲ. ಅದೂ ನಿಜವಲ್ಲವೆಂಬುದು ಇನ್ನೊಂದು ಕಸಿವಿಸಿ: ಚರ್ಚಿನಲ್ಲೂ ಅವನು ಈಗ ಮಂಡಿಯೂರುತ್ತಿರಲಿಲ್ಲ, ಬೆಂಚಿನ ಅಂಚಿಗೆ ಪೃಷ್ಠ ಆನಿಸಿ ಮುಂದಕ್ಕೆ ಬಾಗಿ, ಮಂಡಿಯೂರಿದವನಂತೆ ನಟಿಸುತ್ತಿದ್ದ. ಹೆಂಡತಿ ನೊಲೀನ್ ಪಕ್ಕದಲ್ಲೇ ಕಣ್ಣುಮುಚ್ಚಿ ಪ್ರಾರ್ಥಿಸುತ್ತಿರುತ್ತಿದ್ದಳು. ಅವಳ ಕಣ್ಣುಗಳು ನಿಜಕ್ಕೂ ಮುಚ್ಚಿವೆಯೇ ಎಂದು ಅವನು ಕದ್ದು ನೋಡುತ್ತಿದ್ದ. ನೀರಿಗಿಳಿಯುವುದನ್ನು ಬಿಟ್ಟದ್ದಕ್ಕೆ ಕಿವಿಯ ಸೋಂಕೆಂಬ ಕಾರಣ ಕೊಟ್ಟಿದ್ದ. ತಣ್ಣೀರಿನವರಿಗೆಲ್ಲ ಕಿವಿ ಕೆಡುವುದರಿಂದ ಯಾರೂ ಪ್ರಶ್ನಿಸಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಎಣ್ಣೆ, ತಮ್ಮ ತಮ್ಮ ಹತ್ತಿಯನ್ನು ಸೂಚಿಸಿದ್ದರು; ಆ ಎಲ್ಲ ಅಕ್ಕರೆಯೂ ನೆಟ್ಟಗಿದ್ದ ಕಿವಿಗಳೊಳಗೆ ಸುರಿದು ಹೋಗಿತ್ತು.

‘ಏನಯ್ಯ, ಮದುಮಗಳಿಗೆ ಸಿಂಗಾರ ಆಯ್ತಾ?’

ಬಾಗಿಲಲ್ಲಿ ಡಾರ್ಸಿ ಕ್ವಿಲ್ಟಿ, ಕೈಯಲ್ಲಿ ಮಾಂಸದ ಪೈಗಳ ಪೊಟ್ಟಣ. ಲೈಲ್‌ನ ಬಾಲ್ಯದ ಗೆಳೆಯ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದವನು, ಸಂಘದ ಅಧ್ಯಕ್ಷ. ಅಧ್ಯಕ್ಷತೆಗೆ ಬೇರೆ ಯಾರೂ ನಿಲ್ಲದ ಕಾರಣ ಅವನೇ ಮತ್ತೆ ಮತ್ತೆ ಆಯ್ಕೆಯಾಗುತ್ತಿದ್ದ.

‘ಒಳಗೆ ಸಾಸ್ ಚೆಲ್ಬೇಡ,’ ಎಂದ ಲೈಲ್.

‘ಚೆಲ್ಲಿದ್ರೂ ಆ ಯಂತ್ರ ಅದನ್ನೂ ಅಳತೆ ಹಿಡ್ಕೊಳ್ಳತ್ತೆ ಬಿಡು. ನಾಳೆ ಹುಟ್ಟೋರ ಬೋರ್ಡಲ್ಲೆಲ್ಲ ನನ್ನ ಸಾಸಿನ ಗುಡ್ಡೆ!’ ಡಾರ್ಸಿ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಹಲ್ಲಿನ ಸಂದಿಗೆ ನಾಲಿಗೆ ತೂರಿಸುತ್ತ, ‘ಅಲ್ಲಾ, ನನ್ನ ಬೋರ್ಡು ಇನ್ನೂ ಎಡಕ್ಕೇ ಎಳೀತಿದೆ ಕಣೋ. ನಿನ್ನೆ ಒಳ್ಳೇ ಅಲೆ. ನಾನು ಬಲಕ್ಕೆ ಅಂತೀನಿ, ಅದು ಎಡಕ್ಕೆ ಅನ್ನತ್ತೆ. ನಿಂತ್ಕೊಂಡ್ ಆಡೋ ಹುಡುಗ್ರು ಕೂಗಿದ್ದು ಕೂಗಿದ್ದೇ. ತಾತಾ ಎದ್ದೇಳಿ, ಪ್ರಾರ್ಥನೆ ಮುಗೀತು ಅಂತ,’ ಎಂದ.

‘ನಿಂಗೆ ವಯಸ್ಸಾಯ್ತು. ಎಳೀತಿರೋದು ಅದು.’

ಈ ಮಾತನ್ನು ಅವನು ಹಿಂದೆಯೂ ಹೇಳಿದ್ದ. ಹಿಂದೆ ಹೇಳಿದಾಗ ಅದು ತಮಾಷೆಯಾಗಿತ್ತು. ಇಂದು ನಾಲಿಗೆಯ ಮೇಲೆ ಅದಕ್ಕೊಂದು ಲೋಹದ ರುಚಿ ಇತ್ತು. ಡಾರ್ಸಿಯ ಬೋರ್ಡೂ ಇದೇ ವರ್ಷದ್ದು. ಮೇಲಿನ ಊರಿನ ದಾದಿಯ ಬೋರ್ಡು, ಅಣ್ಣತಮ್ಮಂದಿರಿಬ್ಬರ ಜೋಡಿ ಬೋರ್ಡುಗಳು; ಅವೆಲ್ಲ ಈಗ ಯಾವ ಯಾವ ಅಲೆಗಳ ಮೇಲೆ ಯಾರು ಯಾರನ್ನು ಎಡಕ್ಕೆ ಸೆಳೆಯುತ್ತಿವೆಯೋ, ಆ ಜನ ತಮ್ಮ ತಮ್ಮ ದೇಹವನ್ನೇ ಹಳಿದುಕೊಳ್ಳುತ್ತಿದ್ದಾರೋ ಎಂದು ಅವನಿಗೆ ದಿಗಿಲಾಯಿತು. ಹಾಗಿರಲಾರದು, ಒಂದೊಂದನ್ನೂ ಮಂಡಿ ಕೇಳಿಯೇ ಹೊರಗೆ ಬಿಟ್ಟಿದ್ದನಲ್ಲ.

ಮಂಡಿ ಕೇಳುವುದೆಂಬುದು ಆ ಕಸುಬಿನವರ ಮಾತು. ಫೋಮಿನ ತುಂಡನ್ನು ಕೀಸಿ, ಉಜ್ಜಿ, ಮಂಡಿಗಳು ಕೂರುವ ಎರಡು ಗುಳಿಗಳನ್ನು ತೋಡಿದ ಮೇಲೆ, ಗಾಜಿನ ನಾರು ಹೊದಿಸಿ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಎರೆಯುವ ಮೊದಲು, ಅದನ್ನು ನೆಲದ ಹಳೆಯ ಜಮಖಾನದ ಮೇಲಿಟ್ಟು, ದೀಪ ಆರಿಸಿ, ಕೆತ್ತಿದವನು ಕತ್ತಲಲ್ಲಿ ಅದರ ಮೇಲೆ ಮಂಡಿಯೂರುತ್ತಾನೆ. ಎಲ್ಲಿ ಒತ್ತುತ್ತದೋ ಅಲ್ಲಿ ಉಜ್ಜುತ್ತಾನೆ. ಎರಡು ಮಂಡಿಗಳೂ ಸಮಸಮ ಎನ್ನುವವರೆಗೆ ಮತ್ತೆ ಊರುತ್ತಾನೆ, ಮತ್ತೆ ಉಜ್ಜುತ್ತಾನೆ. ಕಣ್ಣಿಗೂ ಮಂಡಿಗೂ ವ್ಯಾಜ್ಯ ಬಂದರೆ ಮಂಡಿಯದೇ ಕೊನೆಯ ತೀರ್ಪು. ಲೈಲ್‌ಗೆ ಕೆಲಸ ಕಲಿಸಿದ ಮುದುಕನೂ ಹೀಗೆಯೇ ಮಾಡುತ್ತಿದ್ದ. ಕತ್ತಲೆಯಲ್ಲಿ ಅವನ ಉಸಿರಾಟ ಕೇಳುತ್ತ ಹೊರಗೆ ನಿಂತಿರುತ್ತಿದ್ದ ಲೈಲ್‌ಗೆ ಅದೊಂದು ಗರ್ಭಗುಡಿಯೆಂಬಂತೆ ಭಯವಾಗುತ್ತಿತ್ತು. ಆ ಮುದುಕನ ಮಂಡಿಗಳು ಕೊನೆಯವರೆಗೆ ನೆಟ್ಟಗಿದ್ದವೇ? ಯಾರೂ ಕೇಳಿರಲಿಲ್ಲ. ತೀರ್ಪು ಕೊಡುವವನನ್ನು ಪರೀಕ್ಷಿಸುವವರು ಯಾರು? ಈ ಪ್ರಶ್ನೆ ಹೊಳೆದೊಡನೆ ಲೈಲ್‌ನ ಕೈ ತಾನಾಗಿ ಬಲಮಂಡಿಗೆ ಹೋಯಿತು. ನೋಯುವ ಮಂಡಿ ಭಾರವನ್ನು ತನ್ನ ಮೇಲೆ ತೆಗೆದುಕೊಳ್ಳುವುದಿಲ್ಲ. ಸದ್ದಿಲ್ಲದೆ ಜೊತೆಯ ಮಂಡಿಗೆ ದಾಟಿಸುತ್ತದೆ. ಎಡಗಡೆ ಒತ್ತುತ್ತದೆ. ಒತ್ತಿದಲ್ಲಿ ಉಜ್ಜಬೇಕು.

ಅವನು ಯೋಚನೆಯನ್ನು ಅಲ್ಲಿಗೆ ನಿಲ್ಲಿಸಿದ. ಹೊರಗಿನಿಂದ ಹೆಣ್ಣುದನಿ ಕೇಳಿಸಿತ್ತು.

ಬ್ರಿಯೊನಿ ಮೀನುದೋಣಿಯಲ್ಲಿ ಕೆಲಸ ಮಾಡುವವಳು. ದೋಣಿಗೂ ಧಕ್ಕೆಗೂ ನಡುವೆ ಸಿಕ್ಕಿ ಅವಳ ಎಡಪಾದದ ಗೆಣ್ಣು ಜಜ್ಜಿಹೋಗಿತ್ತು. ನಿಂತು ಅಲೆಯೇರುತ್ತಿದ್ದವಳಿಗೆ ಇನ್ನು ಬೋರ್ಡಿನ ಮೇಲೆ ನಿಲ್ಲಲಾಗದು. ಮಂಡಿಗಳು ಗಟ್ಟಿಯಾಗಿವೆಯಲ್ಲ ಎಂದು ಡಾರ್ಸಿ ಧಕ್ಕೆಯಲ್ಲೇ ಅವಳನ್ನು ಒಲಿಸಿ, ಅಳತೆ ಕೊಡಲು ಕರೆದಿದ್ದ. ಅವಳು ಕುಂಟುತ್ತ ಒಳಗೆ ಬಂದಳು. ಅವಳು ಆ ಕುಂಟನ್ನು ಮುಚ್ಚಿಡದೆ, ಜೊತೆಗೆ ತಂದ ನಾಯಿಯಷ್ಟು ಸಹಜವಾಗಿ ಒಳಗೆ ಕರೆತಂದಳೆಂದು ಲೈಲ್ ಗಮನಿಸಿದ.

‘ಲೈಲ್, ನೀವೇನಾ? ನಿಮ್ಮನ್ನ ದೇವರು ಅಂತಾರೆ ಇವರು.’

‘ಇವನ ಎದುರಿಗೆ ಅನ್ನಲ್ಲಮ್ಮ,’ ಎಂದ ಡಾರ್ಸಿ. ‘ಕೊಬ್ಬು ಜಾಸ್ತಿಯಾಗತ್ತೆ.’

ಕ್ರಮದಂತೆ ಕಚ್ಚಾ ಫೋಮನ್ನು ನೆಲದ ಮೇಲಿಟ್ಟು, ಸವಾರ ಅದರ ಮೇಲೆ ಮಂಡಿಯೂರಬೇಕು. ಕೆತ್ತುವವನು ಎದುರಿಗೆ ಮಂಡಿಯೂರಿ, ಪೆನ್ಸಿಲಿನಿಂದ ಆ ಮಂಡಿಗಳ ಸುತ್ತ ಗೆರೆ ಎಳೆಯಬೇಕು. ಬ್ರಿಯೊನಿಗೆಂದು ಅರೆಬರೆ ಕೀಸಿದ ತುಂಡು ಗೋಡೆಗೆ ಒರಗಿತ್ತು. ಲೈಲ್ ಅದರ ಕಡೆ ನೋಡಿದ, ನೆಲದ ಕಡೆ ನೋಡಿದ. ಸಿಮೆಂಟಿನ ನೆಲ ಅಷ್ಟು ಆಳದಲ್ಲಿದೆಯೆಂದು ಅವನಿಗೆಂದೂ ಅನ್ನಿಸಿರಲಿಲ್ಲ. ಪೆನ್ಸಿಲು ಎಲ್ಲೋ ಹೋಯಿತು ಎಂದ. ಪೆನ್ಸಿಲು ಅವನ ಕಿವಿಯ ಮೇಲೇ ಇತ್ತು. ಡಾರ್ಸಿ ಅದನ್ನು ಎತ್ತಿ ಕೈಗೆ ಕೊಟ್ಟ. ಆಗ ಅವನು, ಅವಸರವೇನಿಲ್ಲ, ಮೊದಲು ಮುಗಿದ ಬೋರ್ಡಿನ ಮೇಲೆ ಕೂತು ನೋಡಲಿ, ರುಚಿ ಹತ್ತಲಿ ಎಂದು ಗಡಿಬಿಡಿಯಲ್ಲಿ ಹೇಳಿದ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆಯಿತು. ಅಷ್ಟರಲ್ಲಿ ಡಾರ್ಸಿ ಆ ಅತ್ಯುತ್ತಮ ಬೋರ್ಡನ್ನು ಕಾಲ್ಗಂಬದಿಂದ ಇಳಿಸಿ ಜಮಖಾನದ ಮೇಲೆ ಮಲಗಿಸಿಯಾಗಿತ್ತು.

ಬ್ರಿಯೊನಿ ಮಂಡಿಯೂರಿದಳು. ಸಲೀಸಾಗಿ, ನೀರು ಬಟ್ಟಲಲ್ಲಿ ಕೂರುವ ಹಾಗೆ. ಲೈಲ್‌ಗೆ ಹೊಟ್ಟೆಕಿಚ್ಚಾಯಿತು, ಒಬ್ಬ ಊನಾಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ಬಂದೆನಲ್ಲ ಎಂದು ತನ್ನ ಮೇಲೇ ಹೇಸಿಕೆಯಾಯಿತು. ಅವಳು ಕಣ್ಣು ಮುಚ್ಚಿ ಆಚೀಚೆ ತೂಗಿದಳು.

‘ಇದು… ಒಂದು ಕಡೆ ತಗ್ಗಿರಬೇಕಾ?’

ಲೈಲ್ ಕೈಯಲ್ಲಿದ್ದ ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡ.

‘ಎಡಗಡೆ ಒಳಗೆ ಇಳೀತಾ ಇದ್ದೀನಿ ಅನ್ನಿಸತ್ತೆ,’ ಎಂದಳು. ಮತ್ತೆ ತಾನೇ, ನಕ್ಕು, ‘ನನ್ನ ಎಡಗಾಲೇ ಸೊಟ್ಟ. ಅದಕ್ಕೇ ಇರಬೇಕು ಅಲ್ವಾ?’

‘ಹೌದು,’ ಎಂದ ಲೈಲ್. ‘ಕಾಲಿನದೇ ಇರಬೇಕು.’

ಎಷ್ಟು ಮೃದುವಾಗಿ ಹೇಳಿದ್ದ! ವೈದ್ಯನಿಗಿಂತ ಮೃದುವಾಗಿ. ಅವಳು ಒಪ್ಪಿ ತಲೆಯಾಡಿಸಿದಳು, ಆ ತಲೆಯಾಡಿಸುವಿಕೆಯಲ್ಲಿ ಅಂಥ ಮಾತು ಕೇಳಿ ಕೇಳಿ ರೂಢಿಯಾದವರ ವಿನಯವಿತ್ತು. ಇಷ್ಟು ಹೊತ್ತು ಅನುಮಾನವೆಂದು ಕರೆದುಕೊಂಡಿದ್ದದ್ದು ಈಗ ಅವನೊಳಗೆ ನಿಚ್ಚಳವಾಗಿ ನಿಂತಿತು: ಅವಳ ಮಂಡಿ ಸರಿಯಾಗಿಯೇ ಹೇಳಿತ್ತು, ತನ್ನದೇ ಮಂಡಿ ವರ್ಷವೆಲ್ಲ ಸುಳ್ಳು ಹೇಳಿತ್ತು. ತನ್ನ ಕುಂಟನ್ನು ಬೋರ್ಡಿನಿಂದ ಬೋರ್ಡಿಗೆ ಕೆತ್ತಿ ಮಾರಿದ್ದಲ್ಲದೆ, ಈಗ ಅದನ್ನು ಒಬ್ಬ ಕುಂಟಿಯ ಕಾಲಿಗೆ ಕಟ್ಟಿದ್ದ. ಸುಮ್ಮನಿದ್ದರೆ ಸಂಜೆಯೊಳಗೆ ಅದು ಯಂತ್ರದೊಳಗೂ ಹೋಗುತ್ತದೆ. ಆಮೇಲೆ ಹುಟ್ಟಲಿರುವವರೆಲ್ಲ ತಮ್ಮ ದೇಹವೇ ಸೊಟ್ಟವೆಂದು ತಿಳಿದು ಅಲೆಯ ಮೇಲೆ ತಮ್ಮನ್ನು ತಿದ್ದಿಕೊಳ್ಳುತ್ತಾರೆ. ಬಾಯಿಬಿಟ್ಟರೆ? ಬಿಟ್ಟರೆ ಕಿವಿಯ ಸೋಂಕು ಹೋಗುತ್ತದೆ, ಚರ್ಚಿನ ಬೆಂಚು ಹೋಗುತ್ತದೆ, ಮಂಡಿಯೂರಲಾರದ ಮಂಡಿಬೋರ್ಡಿನವನೊಬ್ಬ ಉಳಿಯುತ್ತಾನೆ. ಅವನನ್ನು ಏನೆಂದು ಕರೆಯುವುದು?

ರಿಸ್ಟೊ ಬಂದ. ಮ್ಯಾಸಿಡೋನಿಯದವರ ಮಗ, ಅಗಲವಾದ ಅಂಗೈಗಳ, ಮೆತ್ತಗಿನ ಮಾತಿನ ಮನುಷ್ಯ. ಹೇರ್‌ಡ್ರೈಯರ್‌ನಂಥ ಉಪಕರಣವನ್ನು ಪೆಟ್ಟಿಗೆಯಿಂದ ತೆಗೆದ. ಬೋರ್ಡು ಮತ್ತೆ ಕಾಲ್ಗಂಬವೇರಿತು. ಅವನು ಅದರ ಅಂಚಿನ ಮೇಲೆ ಬೆರಳಾಡಿಸಿ, ‘ಎಂಥಾ ಕೆಲಸ ಸಾರ್,’ ಎಂದ. ಲೈಲ್ ಮೈಯೆಲ್ಲ ಕಿವಿಯಾಗಿ ಕಾದ. ಯಂತ್ರ ಕಂಡುಹಿಡಿಯುತ್ತದೆ. ಪರದೆಯ ಮೇಲೆ ಕೆಂಪಾಗಿ ತೋರಿಸುತ್ತದೆ. ತಾನು ಹೇಳಬೇಕಾಗಿಯೇ ಇಲ್ಲ. ಸಿಕ್ಕಿಬೀಳುವುದೂ ಒಂದು ಬಿಡುಗಡೆಯೇ ಎಂದು ಅವನಿಗೆ ಅನ್ನಿಸಿತು.

‘ಅರ್ಧ ಸಾಕು,’ ಎಂದ ರಿಸ್ಟೊ.

‘ಅರ್ಧ ಅಂದ್ರೆ?’ ಎಂದ ಲೈಲ್.

‘ನಡುಗೆರೆಯಿಂದ ಒಂದು ಪಕ್ಕ ಹಿಡಿದ್ರಾಯ್ತು. ಇನ್ನೊಂದು ಪಕ್ಕ ಕನ್ನಡಿ ಹಿಡಿದ ಹಾಗೆ ಅದೇ ಮಾಡ್ಕೊಳ್ಳತ್ತೆ. ಕೈಕೆಲಸ ಅಂದ್ಮೇಲೆ ಒಂದು ಕಡೆಗೂ ಇನ್ನೊಂದು ಕಡೆಗೂ ಒಂಚೂರು ಹೆಚ್ಚುಕಮ್ಮಿ ಇದ್ದೇ ಇರತ್ತಲ್ಲ. ಅದೆಲ್ಲ ಅಲ್ಲೇ ಅಳಿಸಿ ಹೋಗತ್ತೆ.’

ಡಾರ್ಸಿ ಮೆಚ್ಚಿ ತೊಡೆ ತಟ್ಟಿಕೊಂಡ. ಲೈಲ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳಗಿನಿಂದ, ಬೆಳಗಿನಿಂದಲೇನು, ಎಷ್ಟೋ ತಿಂಗಳಿಂದ ತನ್ನನ್ನು ಕೊರೆದ ಪಾಪ ಈ ಸಾಧುಮನುಷ್ಯನಿಗೆ ಒಂದು ಗುಂಡಿ ಒತ್ತುವ ಮಾತು. ಯಾರಿಗೂ ಗೊತ್ತಾಗುವುದಿಲ್ಲ. ಕೃಪೆಯೆಂದರೆ ಹೀಗೆಯೇ ಬರುತ್ತದೆಯೇ, ಇಷ್ಟು ಅಗ್ಗವಾಗಿ, ಕೇಳದೆಯೇ?

‘ಯಾವ ಅರ್ಧ ತಗೊಳ್ಳಲಿ?’ ಎಂದ ರಿಸ್ಟೊ. ‘ನೀವೇ ಹೇಳ್ಬೇಕು. ಯಾವುದು ಸರಿಯಾದ್ದು?’

ಲೈಲ್ ಬಾಯಿ ತೆರೆದ. ಎಡಗುಳಿ ಅತಿ ಆಳ, ಅದು ನಿಶ್ಚಯ. ಹಾಗಾದರೆ ಬಲ? ಬಲಮಂಡಿ ಭಾರ ಹೊರಲೇ ಇಲ್ಲ. ಹೊರದ ಮಂಡಿ ಅಲ್ಲಿ ಒತ್ತುತ್ತದೆಂದು ಹೇಳಲೇ ಇಲ್ಲ. ಅಲ್ಲಿ ಉಜ್ಜಬೇಕಾದಷ್ಟು ಉಜ್ಜಿರಲಿಲ್ಲ. ಬಲದ ಕೊರತೆಗೆ ಎಡದ ಅತಿ, ಎಡದ ಅತಿಗೆ ಬಲದ ಅಂಚಿನ ದಪ್ಪ. ಒಂದರ ಸುಳ್ಳನ್ನು ಇನ್ನೊಂದು ಆತು ನಿಲ್ಲಿಸಿತ್ತು. ನಡುಗೆರೆಯಿಂದ ಸೀಳಿದರೆ ಸಿಗುವುದು ಒಂದು ಸರಿ, ಒಂದು ತಪ್ಪು ಅಲ್ಲ, ಎರಡು ತಪ್ಪುಗಳು. ಯಾವುದನ್ನು ಕನ್ನಡಿಗೆ ಹಿಡಿದರೂ ಆ ತಪ್ಪೇ ಜೋಡಿಯಾಗಿ, ಸಮವಾಗಿ, ಯಾರೂ ಸಂಶಯಪಡಲಾಗದಷ್ಟು ಚಂದವಾಗಿ ನಿಲ್ಲುತ್ತದೆ. ಸೊಟ್ಟವಾದದ್ದು ಸೊಟ್ಟವೆಂದು ಒಂದು ದಿನ ಯಾರಿಗಾದರೂ ಕಂಡೀತು, ಹೀಗೆ ಸಮವಾಗಿ ನಿಂತ ತಪ್ಪು ಎಂದೂ ಕಾಣದು.

‘ಲೈಲ್?’ ಎಂದ ಡಾರ್ಸಿ.

‘ಯಾವುದೂ ಸರಿ ಇಲ್ಲ.’

‘ಶುರುವಾಯ್ತು ಇವನ ವಿನಯ.’

‘ವಿನಯ ಅಲ್ಲ ಕಣೋ. ನನ್ನ ಬಲಮಂಡಿ ಹೋಗಿದೆ. ಊರಕ್ಕಾಗಲ್ಲ. ಊರಿದ್ರೂ ಭಾರ ಬಿಡಕ್ಕಾಗಲ್ಲ. ಹೋದ ವರ್ಷದಿಂದ ಹೊರಟ ಬೋರ್ಡೆಲ್ಲ ನನ್ನ ಮಂಡಿಗೆ ಮಾತ್ರ ಸಮ. ನಿಂದು ಎಡಕ್ಕೆ ಎಳೀತಿರೋದು ನಿನ್ನ ವಯಸ್ಸಲ್ಲ. ನಾನು.’

ಡಾರ್ಸಿಯ ಮುಖದಲ್ಲಿ ಸಿಟ್ಟು ಬರುತ್ತದೆಂದು ಲೈಲ್ ಕಾದ, ಬಂದರೆ ಒಳ್ಳೆಯದಿತ್ತು.

‘ಮತ್ತೆ ಕಿವಿ?’

‘ಕಿವಿ ಚೆನ್ನಾಗಿದೆ.’

‘ಅಯ್ಯೋ ಪಾಪಿ! ನಮ್ಮ ಅತ್ತಿಗೆ ಹತ್ರ ಕೇಳಿ ಕೇಳಿ ನಿಂಗೆ ಬೆಳ್ಳುಳ್ಳಿ ಎಣ್ಣೆ ಮಾಡಿಸ್ಕೊಂಡು ಬಂದಿದ್ನಲ್ಲೋ!’ ಡಾರ್ಸಿ ಗೋಡೆಯ ಕಡೆಗೆ ತಿರುಗಿಕೊಂಡ. ಭುಜಗಳು ಅಲುಗುತ್ತಿದ್ದವು, ನಗುತ್ತಿದ್ದಾನೋ ಏನೋ ತಿಳಿಯಲಿಲ್ಲ. ಆ ಕಡೆಯಿಂದಲೇ, ‘ನಾನು ಡಾಕ್ಟ್ರ ಹತ್ರ ತಲೆ ತೋರಿಸ್ಕೊಂಡು ಬಂದೆ ಗೊತ್ತಾ,’ ಎಂದ. ‘ಲಕ್ವ ಗಿಕ್ವ ಹೊಡೀತಿದೆಯೇನೋ, ಎಡಕ್ಕೆ ವಾಲ್ತಿದೀನೇನೋ ಅಂತ. ಮನೇಲಿ ಯಾರಿಗೂ ಹೇಳಿಲ್ಲ.’

ಲೈಲ್ ಬ್ರಿಯೊನಿಯ ಕಡೆ ತಿರುಗಿದ. ಅದು ಇನ್ನೂ ಕಷ್ಟವಾಗಿತ್ತು. ‘ನಿನ್ನ ಕಾಲಿನದಲ್ಲಮ್ಮ. ಆಗ ನಾನು ಸುಳ್ಳು ಹೇಳ್ದೆ. ನೀನು ಹೇಳಿದ್ದೇ ಸರಿ.’

ಅವಳು ಅವನನ್ನೇ ನೋಡಿದಳು. ಕ್ಷಮೆಯ ಮಾತೇನನ್ನೂ ಆಡಲಿಲ್ಲ. ‘ನಂಗೆ ಗೊತ್ತಿತ್ತು,’ ಎಂದಳು. ‘ಆದ್ರೂ ನಂಬ್ದೆ. ನೀವು ಹೇಳಿದ್ರಿ ಅಂತ.’

ಹೊಗಳಿಕೆಯೂ ಬೈಗುಳವೂ ಆದ ಆ ಮಾತು ಅವನ ಎದೆಯಲ್ಲಿ ಚುಚ್ಚಿ ನಿಂತಿತು. ರಿಸ್ಟೊ ಮುಜುಗರದಿಂದ ಉಪಕರಣ ಆರಿಸಿ, ತಾನು ಇನ್ನೊಂದು ದಿನ ಬರಲೇ ಎಂದು ಕೇಳಿದ. ‘ಬಾ,’ ಎಂದ ಲೈಲ್. ‘ಇವಳು ಹೊಸದರ ಮೇಲೆ ಅಲೆ ಹಿಡಿದು ಬಂದು, ಸರಿ ಇದೆ ಅಂದ ಮೇಲೆ ಬಾ. ಆಗ ಯಾವ ಅರ್ಧ ಬೇಕಾದ್ರೂ ತಗೋ.’

ಅರೆಬರೆ ಕೀಸಿದ ತುಂಡನ್ನು ಡಾರ್ಸಿ ಜಮಖಾನದ ಮೇಲೆ ಹಾಸಿದ. ಬ್ರಿಯೊನಿ ಮಂಡಿಯೂರಿದಳು. ಲೈಲ್ ಕಾಲ್ಗಂಬ ಹಿಡಿದು ಬಗ್ಗಿದ, ಅರ್ಧಕ್ಕೆ ನಿಂತ. ಆಮೇಲೆ, ಮೂವರ ಕಣ್ಣೆದುರಿಗೆ, ಒಂದು ಅಂಗೈ ಊರಿ, ಒಂದು ಮೊಣಕೈ ಊರಿ, ಹಳೆಯ ದೋಣಿಯನ್ನು ಮರಳಿಗೆ ಇಳಿಸುವಂತೆ ತನ್ನನ್ನು ತಾನೇ ನೆಲಕ್ಕೆ ಇಳಿಸಿಕೊಂಡು, ಫೋಮಿನ ಹುಡಿಯಲ್ಲಿ ಉದ್ದಕ್ಕೆ ಮಗ್ಗುಲಾಗಿ ಮಲಗಿದ. ಯಾರೂ ಕೈಕೊಡಲು ಬರಲಿಲ್ಲ. ಅದಕ್ಕೆ ಅವನು ಋಣಿಯಾದ. ಪೆನ್ಸಿಲು ಅವಳ ಮಂಡಿಗಳ ಸುತ್ತ ಹರಿಯಿತು. ಅವಳು ಎದ್ದ ಮೇಲೆ ಗೆರೆಯೊಳಗೆ ಅವನು ಮಲಗಿದಂತೆಯೇ ಕೆರೆದ, ಉಜ್ಜಿದ. ಬಿಳಿಯ ಹುಡಿ ಹುಬ್ಬಿನ ಮೇಲೆ, ತುಟಿಯ ಮೇಲೆ ಕೂತಿತು. ಎಷ್ಟು ಹೊತ್ತು ಹಾಗೆ ಕೆಲಸ ಮಾಡಿದನೋ.

‘ದೀಪ ಆರಿಸು,’ ಎಂದ ಕೊನೆಗೆ.

ಕತ್ತಲೆಯಲ್ಲಿ ಅವಳು ಊರಿದ ಸದ್ದು; ಉಸಿರು.

‘ಹೇಳು.’

‘ಬಲಗಡೆ ಒತ್ತುತ್ತೆ.’

ಅವಳು ಎದ್ದಳು, ಅವನು ತಡವಿ ಉಜ್ಜಿದ. ಅವನ ಬೆರಳುಗಳಿಗೆ ಗುಳಿಗಳೆರಡೂ ಸಮವೆನ್ನಿಸುತ್ತಿದ್ದವು. ಜೀವಮಾನದ ಬೆರಳುಗಳು ಹಾಗೆ ಆಣೆಯಿಡುತ್ತಿದ್ದವು. ಅವನು ಅವುಗಳ ಮಾತು ಕೇಳಲಿಲ್ಲ.

‘ಈಗ?’

‘ಇನ್ನೂ ಸ್ವಲ್ಪ.’

ಮತ್ತೆ ಉಜ್ಜಿದ. ಕೆಳಗಿನ ತೋಳು ಜೋಮು ಹಿಡಿದಿತ್ತು. ಬಾಗಿಲಾಚೆ ದಕ್ಷಿಣದ ಗಾಳಿ ಎದ್ದು ತಗಡನ್ನು ಬಡಿಯುತ್ತಿತ್ತು.

‘ಈಗ?’

ಅವಳು ಮಾತಾಡಲಿಲ್ಲ. ಆ ಮೌನದಲ್ಲಿ ಲೈಲ್‌ಗೆ ಬೆಳಗಿನಿಂದ ಆದದ್ದೆಲ್ಲಕ್ಕಿಂತ ದೊಡ್ಡ ಭಯ ಹುಟ್ಟಿತು: ಮುದುಕ ನೆಲದಲ್ಲಿ ಬಿದ್ದಿದ್ದಾನೆ, ಅವನಿಗೆ ನೋಯುತ್ತಿದೆ, ಸಾಕು ಎಂದು ಕನಿಕರಿಸಿ ಇವಳು ಹೂಂ ಅಂದುಬಿಟ್ಟರೆ? ಅವನು ಯಾವ ಚರ್ಚಿನಲ್ಲೂ ಬೇಡದಷ್ಟು ಗಾಢವಾಗಿ, ಅನ್ನದಿರಲಿ, ಅನ್ನದಿರಲಿ ಎಂದು ಬೇಡಿಕೊಂಡ. ಮೇಲೆ ಅವಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೆಲ್ಲನೆ ತೂಗುವುದು ಕೇಳಿಸಿತು.

‘ಇಲ್ಲ,’ ಎಂದಳು ಬ್ರಿಯೊನಿ. ‘ಇನ್ನೂ ಇಲ್ಲ, ಲೈಲ್.’

ಅವನು ಕತ್ತಲೆಯಲ್ಲಿ ಮತ್ತೆ ಗುಳಿಯ ಕಡೆಗೆ ಕೈಚಾಚಿದ.

ಈ ಕಥೆಯನ್ನು ಕೇಳಿದವರೆಲ್ಲರ ಮಂಡಿಗಳಲ್ಲಿ ಬಲವಿರಲಿ. ಬಲ ಸೋತ ದಿನ ಅದನ್ನು ಹೇಳಿಕೊಳ್ಳುವ ಧೈರ್ಯ ಬರಲಿ. ಅವರವರ ಕೈಗೆಲಸದ ಬಳಿ, ಕನಿಕರಕ್ಕಾಗಿಯೂ ಸುಳ್ಳು ಹೇಳದ ಜೀವವೊಂದನ್ನು ಭಗವಂತ ಇರಿಸಲಿ. ನೀರಿಗಿಳಿದವರು ದಡ ಸೇರಲಿ, ದಡದಲ್ಲಿ ಕಾಯುವವರಿಗೆ ನೆಮ್ಮದಿಯಾಗಲಿ, ಸರ್ವರಿಗೂ ಮಂಗಳವಾಗಲಿ.